ನಮ್ಮ ಮಣ್ಣಲ್ಲಿ ಹಳೇ ನಾಣ್ಯ: ಮೆಟಲ್ ಡಿಟೆಕ್ಟರ್ ಏನು ಹೇಳುತ್ತೆ, ಏನು ಹೇಳಲ್ಲ

ಗಂಗಾವತಿ, ಸಿಂಧನೂರು, ಸಂಡೂರು ಕಡೆಯ ಹುಡುಗರು ಈಗ ಮೊಬೈಲಿನಲ್ಲಿ ಇಂಗ್ಲೆಂಡಿನ ವಿಡಿಯೊಗಳನ್ನು ನೋಡುತ್ತಾರೆ. ಮೂರು ನಾಲ್ಕು ಗೆಳೆಯರು ಉತ್ತ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಆಡಿಸುತ್ತಾ ನಡೆಯುತ್ತಾರೆ. ಕುಂಯ್ ಅಂತ ಸದ್ದು ಬರುತ್ತೆ. ಒಂದು ಗೇಣು ಅಗೆದರೆ ರೋಮನ್ ಕಾಲದ ಬೆಳ್ಳಿ ನಾಣ್ಯ! ನೋಡಿದ ಕೂಡಲೇ ಯಾರಿಗಾದರೂ ಒಂದು ಪ್ರಶ್ನೆ ಬಂದೇ ಬರುತ್ತೆ. ಅಲ್ಲೇ ಅಷ್ಟು ಸಿಗುವುದಾದರೆ, ವಿಜಯನಗರದ ಮಗ್ಗುಲಲ್ಲೇ ಇರುವ ನಮ್ಮ ಹೊಲಗಳಲ್ಲಿ ಇನ್ನೆಷ್ಟು ಸಿಗಬೇಕು?

ಪ್ರಶ್ನೆಯಲ್ಲಿ ತಪ್ಪಿಲ್ಲ. ಆದರೆ ಉತ್ತರ ಹೇಳುವ ಮೊದಲು ಆ ಮಷಿನ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಬೇಕು. ಆಮೇಲೆ ನಮ್ಮ ಮಣ್ಣು ಅದನ್ನು ಎಷ್ಟು ಕಾಡುತ್ತೆ ಅಂತ ನೋಡಬೇಕು. ಕಾನೂನಿನ ಮಾತು ಕೊನೆಗೆ ಬಂದರೂ, ಮನೆಯಿಂದ ಹೊರಡುವ ಮುಂಚೆಯೇ ಗೊತ್ತಿರಬೇಕಾದದ್ದು ಅದೇ.

ಸದ್ದು ಎಲ್ಲಿಂದ ಬರುತ್ತೆ

ಮಷಿನ್‌ನ ತುದಿಯಲ್ಲಿ ನೆಲದ ಮೇಲೆ ಆಡಿಸುವ ದುಂಡನೆಯ ಭಾಗ ಇರುತ್ತಲ್ವಾ, ಅದನ್ನು ಕಾಯಿಲ್ ಅಂತಾರೆ. ಅದರೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿವೆ. ಒಂದರಲ್ಲಿ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುತ್ತೆ. ನಾಣ್ಯ ಹುಡುಕುವ ಮಷಿನ್‌ಗಳಲ್ಲಿ ಇದು ಸಾಮಾನ್ಯವಾಗಿ 5 ರಿಂದ 20 ಕಿಲೋಹರ್ಟ್ಸ್ ಇರುತ್ತೆ. ಇದರಿಂದ ಕಾಯಿಲ್ ಕೆಳಗಿನ ಮಣ್ಣಿನಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟುತ್ತೆ. ಅಲ್ಲೊಂದು ತಾಮ್ರದ ಕಾಸು ಇದ್ದರೆ, ಆ ಕಾಸಿನ ಮೈಯಲ್ಲೂ ಸಣ್ಣದಾಗಿ ಕರೆಂಟ್ ಸುತ್ತತೊಡಗುತ್ತೆ. ಆ ಕರೆಂಟ್ ತನ್ನದೇ ಒಂದು ಸಣ್ಣ ಕಾಂತಕ್ಷೇತ್ರವನ್ನು ಮೇಲಕ್ಕೆ ಕಳಿಸುತ್ತೆ. ಎರಡನೇ ಸುರುಳಿ ಅದನ್ನು ಹಿಡಿಯುತ್ತೆ. ನಮಗೆ ಕೇಳುವ ಸದ್ದು ಅದು.

ಕಳಿಸಿದ್ದಕ್ಕೂ ಮರಳಿ ಬಂದದ್ದಕ್ಕೂ ನಡುವೆ ತೀರಾ ಸಣ್ಣ ತಡ ಇರುತ್ತೆ. ದಪ್ಪ ಬೆಳ್ಳಿ, ತಾಮ್ರದಲ್ಲಿ ಕರೆಂಟ್ ಸುಲಭವಾಗಿ ಸುತ್ತುತ್ತೆ, ನಿಧಾನಕ್ಕೆ ಆರುತ್ತೆ, ಹಾಗಾಗಿ ತಡ ಜಾಸ್ತಿ. ತೆಳ್ಳನೆಯ ಹಾಳೆಯಲ್ಲಿ ಬೇಗ ಆರಿಹೋಗುತ್ತೆ, ತಡ ಕಡಿಮೆ. ಕಬ್ಬಿಣ ತಾನೇ ಕಾಂತವಾಗುವುದರಿಂದ ಅದರ ನಡವಳಿಕೆಯೇ ಬೇರೆ. ಪರದೆಯ ಮೇಲೆ ಕಾಣುವ ನಂಬರ್ ಈ ತಡದ ಲೆಕ್ಕ. ಕಬ್ಬಿಣಕ್ಕೆ ತಳದ ನಂಬರ್, ತೆಳು ಹಾಳೆ ಮತ್ತು ಸಣ್ಣ ಚಿನ್ನಕ್ಕೆ ಅದರ ಮೇಲಿನದು, ದೊಡ್ಡ ತಾಮ್ರ ಮತ್ತು ಬೆಳ್ಳಿಗೆ ಎತ್ತರದ್ದು. "ಇದು ನಾಣ್ಯ" ಅಂತ ಮಷಿನ್ ಎಂದೂ ಹೇಳುವುದಿಲ್ಲ. "ಇಲ್ಲಿರುವ ಲೋಹದಲ್ಲಿ ಕರೆಂಟ್ ಹೀಗೆ ಸುತ್ತುತ್ತಿದೆ" ಅನ್ನುವಷ್ಟೇ ಅದಕ್ಕೆ ಗೊತ್ತು.

ಈ ವಿದ್ಯೆ ಹೊಸದಲ್ಲ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಪತ್ತೆ ಮಾಡಲು ಟೆಲಿಫೋನ್‌ನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಒಂದು ಸಾಧನ ಮಾಡಿಕೊಂಡು ಹೋಗಿದ್ದರು. ಗುಂಡು ಸಿಗಲಿಲ್ಲ. ಹಾಸಿಗೆಯ ಅಡಿಯಲ್ಲಿದ್ದ ಉಕ್ಕಿನ ಸ್ಪ್ರಿಂಗ್‌ಗಳೂ ಸದ್ದು ಮಾಡಿ ದಾರಿ ತಪ್ಪಿಸಿದವು ಅಂತ ಹೇಳುತ್ತಾರೆ. ಬೇಕಾದ ಲೋಹದ ಸುತ್ತ ಬೇಡವಾದ ಲೋಹ ಇದ್ದರೆ ಏನಾಗುತ್ತೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ನಮ್ಮ ಬಳ್ಳಾರಿ ಜಿಲ್ಲೆಯ ತೊಂದರೆಯೂ ಅದೇ ಜಾತಿಯದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಆಳದ ವಿಚಾರ ಮೊದಲು ಮುಗಿಸಿಬಿಡೋಣ, ಯಾಕೆಂದರೆ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಕಾಯಿಲ್‌ನಿಂದ ಹೊರಟ ಕ್ಷೇತ್ರ ದೂರ ಹೋದಂತೆ ಬಹಳ ಬೇಗ ಸೊರಗುತ್ತೆ. ನಾಣ್ಯದಿಂದ ವಾಪಸ್ ಬರುವಾಗಲೂ ಅಷ್ಟೇ ಬೇಗ ಸೊರಗುತ್ತೆ. ಎರಡನ್ನೂ ಸೇರಿಸಿದರೆ, ಸಣ್ಣ ವಸ್ತುವಿನ ದೂರ ದುಪ್ಪಟ್ಟಾದಾಗ ಮರಳಿ ಬರುವ ಸಿಗ್ನಲ್ ಹೆಚ್ಚು ಕಡಿಮೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಅದಕ್ಕೇ ಒಳ್ಳೆಯ ಮಷಿನ್ ಕೂಡ ರೂಪಾಯಿ ಗಾತ್ರದ ನಾಣ್ಯವನ್ನು ಒಂದು ಗೇಣು ಆಳದಲ್ಲಿ ಹಿಡಿದರೆ ಅದೇ ದೊಡ್ಡದು. "20 ಅಡಿ ಆಳದ ಚಿನ್ನ ತೋರಿಸುತ್ತೆ", "ಗುಡ್ಡದ ಆಚೆಗಿನ ನಿಧಿಯ ದಿಕ್ಕು ಹೇಳುತ್ತೆ" ಅಂತ ಲಕ್ಷಗಟ್ಟಲೆ ಬೆಲೆಗೆ ಮಾರುವ ಕಡ್ಡಿ, ಆಂಟೆನಾಗಳೆಲ್ಲ ಶುದ್ಧ ಮೋಸ. ದಯವಿಟ್ಟು ಅವುಗಳ ಹತ್ತಿರ ಹೋಗಬೇಡಿ.

ಮಸಾರಿ, ಎರೆ, ಸವಳು

ಈಗ ನಮ್ಮ ಮಣ್ಣು. ಇಂಗ್ಲೆಂಡಿನ ವಿಡಿಯೊ ನೋಡಿ ಮಷಿನ್ ತರಿಸಿದವರು ಇಲ್ಲಿ ಬೇಸರಪಟ್ಟು ಮೂಲೆಗಿಡುವುದು ಈ ಕಾರಣಕ್ಕೆ.

ಸಂಡೂರಿನ ಬೆಟ್ಟಗಳಲ್ಲಿ ಇರುವುದು ಕಬ್ಬಿಣದ ಅದಿರು. ಮುಖ್ಯವಾಗಿ ಹೆಮಟೈಟ್, ಅದರ ಜೊತೆ ಅಲ್ಲಲ್ಲಿ ಮ್ಯಾಗ್ನಟೈಟ್. ಹೆಮಟೈಟ್ ಕಾಂತಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಮ್ಯಾಗ್ನಟೈಟ್ ಮತ್ತು ಕೆಂಪು ಮಣ್ಣಿನಲ್ಲಿ ತಾನಾಗಿ ಹುಟ್ಟುವ ಮ್ಯಾಗ್ಹೆಮೈಟ್ ಮಾತ್ರ ಜೋರಾಗಿ ಸ್ಪಂದಿಸುತ್ತವೆ. ಒಂದು ಆಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸಂಡೂರು ಸುತ್ತಿನ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲದಲ್ಲಿ ಎಳೆದು ನೋಡಿ, ಕರಿ ಹುಡಿ ಮೆತ್ತಿಕೊಂಡು ಬರುತ್ತೆ. ಮಷಿನ್‌ಗೆ ಆ ಹುಡಿಯೂ ಕಬ್ಬಿಣವೇ. ಕಾಯಿಲ್ ಅಡಿಯ ಮಣ್ಣೆಲ್ಲ ಒಟ್ಟಿಗೆ ಸದ್ದು ಮಾಡುವಾಗ ಒಂದು ಕಾಸಿನ ಸದ್ದು ಕೇಳುವುದೆಂದರೆ, ಜಾತ್ರೆಯ ಗದ್ದಲದಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಇದಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ, "ಇದು ಮಣ್ಣಿನ ಸದ್ದು, ಇದನ್ನು ಬಿಟ್ಟುಬಿಡು" ಅಂತ ಮಷಿನ್‌ಗೆ ಕಲಿಸುವುದು. ಒಂದೇ ಹೊಲದಲ್ಲಿ ಮಣ್ಣಿನ ಬಣ್ಣ ಬದಲಾದ ಕೂಡಲೇ ಇದನ್ನು ಮತ್ತೆ ಮಾಡಬೇಕು. ಡಬಲ್ ಡಿ ಅನ್ನುವ ಬಗೆಯ ಕಾಯಿಲ್ ಇಂಥ ನೆಲದಲ್ಲಿ ಹೆಚ್ಚು ನೆಮ್ಮದಿಯಿಂದ ಕೆಲಸ ಮಾಡುತ್ತೆ. ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸುವುದರ ಬದಲು ಇಳಿಸಿದರೆ ಇಲ್ಲಿ ಜಾಸ್ತಿ ಸಿಗುತ್ತೆ. ಪಲ್ಸ್ ಇಂಡಕ್ಷನ್ ಅನ್ನುವ ಬೇರೆ ಜಾತಿಯ ಮಷಿನ್ ಕೂಡ ಇದೆ. ಅದು ಒಂದು ಕ್ಷಣ ಜೋರಾಗಿ ಕ್ಷೇತ್ರ ಕಳಿಸಿ, ನಿಲ್ಲಿಸಿ, ಆಮೇಲೆ ಉಳಿದ ಸದ್ದನ್ನು ಕೇಳುತ್ತೆ. ಅದಿರಿನ ನೆಲ ಅದನ್ನು ಅಷ್ಟಾಗಿ ಕಾಡುವುದಿಲ್ಲ. ಆದರೆ ಮೊಳೆ ಯಾವುದು, ನಾಣ್ಯ ಯಾವುದು ಅಂತ ಬೇರೆ ಮಾಡಲು ಅದಕ್ಕೆ ಕಷ್ಟ. ಹೊಲದಲ್ಲಿ ಇರುವ ಎತ್ತಿನ ಲಾಳ, ಮೊಳೆ, ಕುಂಟೆಯ ಚೂರುಗಳನ್ನೆಲ್ಲ ನೀವು ಅಗೆಯಬೇಕಾಗುತ್ತೆ.

ತುಂಗಭದ್ರಾ ಹೊಳೆ ದಾಟಿ ರಾಯಚೂರು ಕಡೆ ಬಂದರೆ ಎರೆಹೊಲ, ಅಂದರೆ ಕಪ್ಪು ಮಣ್ಣು. ಕಬ್ಬಿಣದ ಕಾಟ ಕಡಿಮೆ ಅನ್ನಿಸುತ್ತೆ, ಆದರೆ ಎರೆಗೆ ತನ್ನದೇ ಗುಣ ಇದೆ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತೆ. ಮೇಲಿನ ಮಣ್ಣು ಬಿರುಕಿನೊಳಗೆ ಉದುರುತ್ತೆ, ಜೊತೆಗೆ ಮೇಲಿದ್ದ ನಾಣ್ಯವೂ. ಹೀಗೆ ಆ ಮಣ್ಣು ತನ್ನನ್ನು ತಾನೇ ತಿರುವಿ ಹಾಕುತ್ತಾ ಇರುತ್ತೆ. ಹೋದ ವರ್ಷ ಬಿದ್ದ ಎರಡು ರೂಪಾಯಿಯ ಬಿಲ್ಲೆ ಮೊಳದ ಆಳದಲ್ಲೂ, ಮುನ್ನೂರು ವರ್ಷದ ಕಾಸು ಮೇಲೂ ಇರಬಹುದು. ಆಳ ನೋಡಿ ವಯಸ್ಸು ಹೇಳುವುದು ಎರೆಯಲ್ಲಿ ನಡೆಯುವುದಿಲ್ಲ.

ಮೂರನೆಯದು ಸವಳು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಗಂಗಾವತಿ, ಸಿಂಧನೂರಿಗೆ ಬಂತು. ಭತ್ತ ಬಂತು, ಅದರ ಹಿಂದೆಯೇ ನೀರು ನಿಂತು ಉಪ್ಪು ಮೇಲೆದ್ದ ಸವಳು ನೆಲವೂ ಬಂತು. ಒಣಗಿದಾಗ ಉಪ್ಪು ಮಷಿನ್‌ಗೆ ಕಾಣುವುದಿಲ್ಲ. ತೇವ ಇದ್ದಾಗ ಉಪ್ಪುನೀರಿನಲ್ಲಿ ಕರೆಂಟ್ ಹರಿಯುತ್ತೆ. ಆಗ ಇಡೀ ಮಡಿಯೇ ತೆಳು ಲೋಹದ ಹಾಳೆಯ ಹಾಗೆ ಸದ್ದು ಮಾಡುತ್ತೆ. ಗದ್ದೆಯಲ್ಲಿ ಮಷಿನ್ ಸುಮ್ನೆ ಚೀರಾಡಿದರೆ ಅದು ಕೆಟ್ಟಿದೆ ಅಂದುಕೊಳ್ಳಬೇಡಿ. ಕಟಾವು ಮುಗಿದು ನೆಲ ಪೂರ್ತಿ ಒಣಗಿದ ಮೇಲೆ ಹೋಗಿ.

ಹೊಳೆಯ ಎರಡು ದಡ, ಎರಡು ಬಗೆಯ ದುಡ್ಡು

ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಇದು. ಬಳ್ಳಾರಿ 1800ರಲ್ಲಿ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ರಾಯಚೂರು, ಕೊಪ್ಪಳ ಹೆಚ್ಚು ಕಾಲ ನಿಜಾಮರ ಆಡಳಿತದಲ್ಲೇ ಇದ್ದು, 1948ರಲ್ಲಿ ಭಾರತಕ್ಕೆ ಸೇರಿದವು. ಹಾಗಾಗಿ ನಮ್ಮ ಅಜ್ಜಂದಿರ ಕಾಲದಲ್ಲಿ ಹೊಳೆಯ ಒಂದು ದಡದಲ್ಲಿ ರಾಜನ ಮುಖ ಇರುವ ಬ್ರಿಟಿಷ್ ಕಾಸು, ಇನ್ನೊಂದು ದಡದಲ್ಲಿ ಚಾರ್‌ಮಿನಾರ್ ಅಚ್ಚಿನ, ಉರ್ದು–ಪರ್ಷಿಯನ್ ಬರಹದ, ಹಾಲಿ ಸಿಕ್ಕಾ ಎಂಬ ನಿಜಾಮರ ನಾಣ್ಯ ನಡೆಯುತ್ತಿದ್ದವು. ಹೈದರಾಬಾದಿನ 7 ರೂಪಾಯಿ ಬ್ರಿಟಿಷ್ ಭಾರತದ 6 ರೂಪಾಯಿಗೆ ಸಮ. ಸಂತೆಗೆ ಹೊಳೆ ದಾಟಿ ಬಂದವರು ಈ ಲೆಕ್ಕ ಹಾಕಿಕೊಂಡೇ ವ್ಯಾಪಾರ ಮಾಡಬೇಕಿತ್ತು. ಬಳ್ಳಾರಿ ದಡದ ಕಂಪ್ಲಿ ಕಡೆಯ ಹೊಲದಲ್ಲಿ ಒಂದು ಚಾರ್‌ಮಿನಾರ್ ಕಾಸು ಸಿಕ್ಕರೆ, ಆ ಕಾಸು ಹೊಳೆ ದಾಟಿ ಬಂದಿದೆ ಅಂತ ಅರ್ಥ. ಅದನ್ನು ಚಿತ್ರ ಹೇಳುವುದಿಲ್ಲ, ಸಿಕ್ಕ ಜಾಗ ಹೇಳುತ್ತೆ.

ಹುಡುಕುವವರಿಗೆ ನಿಜವಾಗಿ ಸಿಗುವುದು ಇಂಥ ಕಾಸುಗಳೇ. ನಡುವೆ ತೂತು ಇರುವ 1943–47ರ ಕಾಸು, ಅಲ್ಯೂಮಿನಿಯಂನ ಐದು ಪೈಸೆ, ಹತ್ತು ಪೈಸೆ. ಅದೃಷ್ಟ ಇದ್ದರೆ ಟಿಪ್ಪು ಕಾಲದ ಆನೆ ಕಾಸು, ಬಹಮನಿ ಅಥವಾ ಆದಿಲ್‌ಶಾಹಿಗಳ ದಪ್ಪ ತಾಮ್ರದ ನಾಣ್ಯ. ಕೃಷ್ಣಾ, ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್‌ಗಾಗಿ ವಿಜಯನಗರ ಮತ್ತು ಸುಲ್ತಾನರು ಎಷ್ಟು ತಲೆಮಾರು ಕಾದಾಡಿದರು ಅಂತ ನೆನೆಸಿಕೊಂಡರೆ, ಇಬ್ಬರ ತಾಮ್ರವೂ ಒಂದೇ ಊರಿನ ಸುತ್ತ ಇರುವುದರಲ್ಲಿ ಆಶ್ಚರ್ಯ ಇಲ್ಲ.

ವಿಜಯನಗರದ ಚಿನ್ನದ ಆಸೆ ಇರುವವರಿಗೆ ಒಂದು ಮಾತು. ವರಹದ ತೂಕ ಸುಮಾರು 3.4 ಗ್ರಾಂ. ಅದಕ್ಕಿಂತ ಸಣ್ಣದಾದ "ಹಣ" ಎಂಬ ಚಿನ್ನದ ನಾಣ್ಯ ಅರ್ಧ ಗ್ರಾಮಿಗೂ ಕಡಿಮೆ, ಅಗಲ ಅವರೆಕಾಳಿಗಿಂತ ದೊಡ್ಡದಲ್ಲ. ಅದರಲ್ಲಿ ಕರೆಂಟ್ ಸುತ್ತುವ ರೀತಿಗೂ, ಹರಿದ ಗುಟ್ಕಾ ಚೀಟಿಯ ಬೆಳ್ಳಿ ಬಣ್ಣದ ಪದರಕ್ಕೂ ಮಷಿನ್‌ಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಎರಡೂ ಪರದೆಯಲ್ಲಿ ಅಕ್ಕಪಕ್ಕದಲ್ಲೇ ಬರುತ್ತವೆ. ನಮ್ಮ ಹೊಲದ ಬದುಗಳಲ್ಲಿ ಗುಟ್ಕಾ ಚೀಟಿ ಎಷ್ಟಿವೆ, ಹಣ ಎಷ್ಟಿವೆ ಅಂತ ನೀವೇ ಯೋಚಿಸಿ.

1818ರ ಇಸವಿ ಹಾಕಿ ರಾಮ, ಸೀತೆ, ಹನುಮಂತನ ಚಿತ್ರ ಇರುವ "ಈಸ್ಟ್ ಇಂಡಿಯಾ ಕಂಪನಿ" ನಾಣ್ಯ ಸಿಕ್ಕಿತು ಅಂತ ಯಾರಾದರೂ ತಂದರೆ, ಅದು ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಟಂಕಿಸಿಲ್ಲ. ಅಕ್ಕಿ ಎಳೆಯುವ ಕಾಸು ಅಂತ ನಡೆಯುವ ರೈಸ್ ಪುಲ್ಲಿಂಗ್ ವ್ಯವಹಾರವೂ ಮೋಸವೇ. ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಬರುವವರನ್ನು ನಂಬಬೇಡಿ ಅಂತ ಆ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಜಾಗ ಯಾಕೆ ಅಷ್ಟು ಮುಖ್ಯ

1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಒಂದು ಬಂಡೆಬರಹ ಕಂಡರು. "ದೇವಾನಾಂಪ್ರಿಯ" ಎಂಬ ಬಿರುದಿನ ರಾಜ ಅಂದರೆ ಅಶೋಕನೇ ಅಂತ ಹೆಸರು ಸಮೇತ ತೋರಿಸಿಕೊಟ್ಟ ಬರಹ ಅದು. ಬಂಡೆ ಇದ್ದ ಜಾಗದಲ್ಲೇ ಉಳಿದಿದ್ದಕ್ಕೆ ಅದನ್ನು ನಂಬಲು ಆಯಿತು. ಅದೇ ಊರಿನ ದಿಬ್ಬದಲ್ಲಿ ಒಂದು ನಾಣ್ಯ ಇದೆ ಅಂದುಕೊಳ್ಳಿ. ಅದರ ಪಕ್ಕ ಯಾವ ಮಡಕೆ ಚೂರು ಇತ್ತು, ಅದು ಯಾವ ಬೂದಿಯ ಪದರದಲ್ಲಿ ಇತ್ತು ಅನ್ನುವುದು ಗೊತ್ತಿದ್ದರೆ, ಆ ಪದರಕ್ಕೆಲ್ಲ ಕಾಲ ಹೇಳಬಹುದು. ಕಿತ್ತು ಜೇಬಿಗೆ ಹಾಕಿಕೊಂಡರೆ ನಾಣ್ಯ ಉಳಿಯುತ್ತೆ, ಊರಿನ ಕಾಲ ಕಳೆದುಹೋಗುತ್ತೆ. ಆಮೇಲೆ ಯಾವ ತಜ್ಞರಿಂದಲೂ ಅದನ್ನು ವಾಪಸ್ ತರಲು ಆಗುವುದಿಲ್ಲ.

ಇದನ್ನು ಸರಿಯಾಗಿ ಮಾಡಿದವರ ಕಥೆ ಇಂಗ್ಲೆಂಡಿನಲ್ಲೇ ಇದೆ. 1992ರ ನವೆಂಬರ್‌ನಲ್ಲಿ ಸಫೊಕ್‌ನ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದಿತ್ತು. ಹುಡುಕಿಕೊಡಲು ಗೆಳೆಯ ತನ್ನ ಡಿಟೆಕ್ಟರ್ ತಂದ. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಸ್ವಲ್ಪ ಅಗೆದವನು ಅಲ್ಲಿಗೇ ನಿಲ್ಲಿಸಿ ಸಂಬಂಧಪಟ್ಟವರಿಗೆ ತಿಳಿಸಿದ. ಪುರಾತತ್ವದವರು ಬಂದು ಉಳಿದದ್ದನ್ನು ಎತ್ತಿದರು. ಸುಮಾರು 15 ಸಾವಿರ ನಾಣ್ಯಗಳು ಸಿಕ್ಕವು. ಅವನು ಕೈ ಹಾಕದೆ ಬಿಟ್ಟಿದ್ದರಿಂದ, ಎಲ್ಲವನ್ನೂ ಮರದ ಪೆಟ್ಟಿಗೆಯೊಳಗೆ ಹೇಗೆ ಜೋಡಿಸಿ ಹೂತಿದ್ದರು ಅನ್ನುವುದೂ ತಿಳಿಯಿತು. ಬಹುಮಾನದ ಹಣವನ್ನು ಗೆಳೆಯರಿಬ್ಬರೂ ಹಂಚಿಕೊಂಡರು. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನಮ್ಮಲ್ಲಿ ನಡೆದದ್ದು ಬೇರೆ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯ ಆಸೆಗೆ ಒಡೆದರು. ಭಕ್ತರು ಬಂದು ಮತ್ತೆ ಕಟ್ಟಿದರು. ಹಳ್ಳಿಗಳ ಪಾಳು ಗುಡಿಗಳಲ್ಲಿ ನಂದಿಯ ಕೆಳಗೆ, ಲಿಂಗದ ಕೆಳಗೆ ಅಗೆದ ಗುಂಡಿಗಳನ್ನು ನೋಡಿದಾಗ ನನಗೆ ಸಿಟ್ಟು, ಸಂಕಟ ಎರಡೂ ಆಗುತ್ತೆ. ಮಷಿನ್ ಹಿಡಿದ ನಾಲ್ಕು ಜನರನ್ನು ಕಂಡರೆ ಊರಿನವರು ನಿಧಿಗಳ್ಳರು ಅಂದುಕೊಳ್ಳುವುದು ಇದೇ ಕಾರಣಕ್ಕೆ. ಅವರ ಅನುಮಾನ ಸರಿಯಾಗಿಯೇ ಇದೆ.

ಕಾನೂನು ಏನು ಹೇಳುತ್ತೆ

ಇಂಗ್ಲೆಂಡಿನಲ್ಲಿ ಹೊಲದ ಒಡೆಯರ ಒಪ್ಪಿಗೆ ಇದ್ದರೆ, ರಕ್ಷಿತ ಜಾಗ ಅಲ್ಲದಿದ್ದರೆ, ಹುಡುಕಬಹುದು. 1996ರ ಕಾಯ್ದೆಯ ಪ್ರಕಾರ ನಿಧಿ ಅನ್ನಿಸಿಕೊಳ್ಳುವುದನ್ನು ವರದಿ ಮಾಡಲೇಬೇಕು. ಉಳಿದದ್ದನ್ನು ದಾಖಲು ಮಾಡಿಕೊಳ್ಳಲು 1997ರಿಂದ ಬೇರೆ ವ್ಯವಸ್ಥೆಯೇ ಇದೆ. ಆ ವಿಡಿಯೊಗಳ ಹಿಂದೆ ಇದೆಲ್ಲ ಇದೆ, ನಮಗೆ ಕಾಣುವುದು ನಾಣ್ಯ ಮಾತ್ರ.

ನಮ್ಮಲ್ಲಿ ನೆಲದಲ್ಲಿ ಅಡಗಿದ ಬೆಲೆಬಾಳುವ ವಸ್ತು ಸಿಕ್ಕವರದ್ದೇ ಆಗುವುದಿಲ್ಲ. 1878ರ ನಿಧಿ ಕಾಯ್ದೆಯಲ್ಲೇ, 10 ರೂಪಾಯಿಗಿಂತ ಹೆಚ್ಚಿನದು ಸಿಕ್ಕರೆ ಏನು, ಎಲ್ಲಿ, ಯಾವಾಗ ಅಂತ ಕಲೆಕ್ಟರ್‌ಗೆ ಬರೆದು ತಿಳಿಸಬೇಕು, ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಅಂತ ಇತ್ತು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ಅದರಲ್ಲೂ ದಾರಿ ಜಿಲ್ಲಾಧಿಕಾರಿಯ ಕಚೇರಿಗೇ ಹೋಗುತ್ತೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ಅಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ.

ಮಸ್ಕಿಯ ಶಾಸನ, ಇಟಗಿಯ ಮಹಾದೇವ ಗುಡಿಯಂಥ ರಕ್ಷಿತ ಜಾಗಗಳಲ್ಲಿ ಅಗೆಯುವ ಮಾತೇ ಇಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಗೆರೆ ಮುಖ್ಯವಾಗಿ ಕಟ್ಟಡ ಮತ್ತು ಗಣಿಗಾರಿಕೆಗೆ ಹಾಕಿದ್ದು. ನಾಣ್ಯ ಹುಡುಕುವವರೂ ಅದನ್ನು ಪಾಲಿಸಲಿ ಅನ್ನುವುದು ನನ್ನ ಅಭಿಪ್ರಾಯ. ಆನೆಗೊಂದಿ ಸುತ್ತಿನ ಹಳ್ಳಿಗಳು ಹಂಪಿ ವಿಶ್ವಪರಂಪರೆಯ ವ್ಯಾಪ್ತಿಗೆ ಬರುತ್ತವೆ, ಅಲ್ಲಿ ಮಷಿನ್ ತೆಗೆಯಲೇಬೇಡಿ. ಹಿರೇಬೆಣಕಲ್‌ನ ಮೋರೇರ ಮನೆಗಳು ಅನ್ನುವ ಪ್ರಾಚೀನ ಕಲ್ಲುಗೋರಿಗಳು, ಬೂದಿದಿಬ್ಬಗಳು, ಹಾಳೂರು ದಿಬ್ಬಗಳು, ಗುಡಿ, ದರ್ಗಾ, ಕೋಟೆ ಯಾವುದೂ ಬೇಡ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಅದು ಬಿಟ್ಟ ಜಾಗ ಅಲ್ಲ. ಹಳೇ ನಾಣ್ಯ ಸಿಗಲಿ ಅಂತಲೇ ಹೊರಡುವುದಾದರೆ ಮೊದಲು ರಾಜ್ಯ ಪುರಾತತ್ವ ಇಲಾಖೆಯನ್ನು ಬರಹದಲ್ಲಿ ಕೇಳಿ.

ಹಾಗಾದರೆ ಗೆಳೆಯರು ಏನು ಮಾಡಬಹುದು

ಮೊದಲು ಹಿತ್ತಲಲ್ಲಿ ಕಲಿಯಿರಿ. ತಾಮ್ರದ ಚೂರು, ಅಲ್ಯೂಮಿನಿಯಂ ಪೈಸೆ, ಈಗಿನ ಸ್ಟೀಲ್ ರೂಪಾಯಿ, ಒಂದು ಮೊಳೆ, ಒಂದು ಗುಟ್ಕಾ ಚೀಟಿ ಇವನ್ನೆಲ್ಲ ನಾಲ್ಕು ಬೆರಳು, ಅರ್ಧ ಗೇಣು, ಒಂದು ಗೇಣು ಆಳದಲ್ಲಿ ಹೂತು, ಯಾವುದು ಹೇಗೆ ಸದ್ದು ಮಾಡುತ್ತೆ ಅಂತ ಕೇಳಿ. ಆಮೇಲೆ ಜನಕ್ಕೆ ಉಪಯೋಗ ಆಗುವ ಕೆಲಸ ಮಾಡಿ. ಹೊಲದಲ್ಲಿ ಬಿದ್ದ ತಾಳಿಯ ಗುಂಡು, ಕಾಲುಂಗುರ, ಟ್ರ್ಯಾಕ್ಟರಿನ ಪಿನ್ ಹುಡುಕಿಕೊಡಿ. ಇಂಥದ್ದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಕೈಯೂ ಪಳಗುತ್ತೆ.

ಗೆಳೆಯರ ಹೊಲಕ್ಕೆ ಹೋಗುವಾಗ ಪಹಣಿಯಲ್ಲಿ ಹೆಸರಿರುವವರ ಒಪ್ಪಿಗೆ ಇರಲಿ, ಊರಿನ ಹಿರಿಯರಿಗೂ ಮೊದಲೇ ತಿಳಿದಿರಲಿ. ಹಗಲಲ್ಲೇ ಹೋಗಿ. ಇಬ್ಬರು ಮಷಿನ್ ಹಿಡಿದರೆ ದೂರ ದೂರ ಇರಿ, ಹತ್ತಿರ ಬಂದರೆ ಒಂದರ ಸದ್ದು ಇನ್ನೊಂದಕ್ಕೆ ಕೇಳಿ ಗೊಂದಲವಾಗುತ್ತೆ. ಒಬ್ಬರು ಕುರ್ಪಿ ಹಿಡಿಯಲಿ, ಒಬ್ಬರು ಬರೆದುಕೊಳ್ಳಲಿ. ಪಂಪ್‌ಸೆಟ್ ಕೇಬಲ್ ಎಲ್ಲಿ ಹೂತಿದೆ ಅಂತ ಹೊಲದವರನ್ನು ಕೇಳಿಕೊಳ್ಳಿ. ಉಳುಮೆ ಮುಟ್ಟಿದ ಮಣ್ಣಿಗಿಂತ ಕೆಳಗೆ ಕೈ ಹಾಕಬೇಡಿ. ಉತ್ತು ಹರಗಿದ ಪದರ ಹೇಗೂ ಕದಡಿದೆ, ಅದರ ಕೆಳಗಿನದು ಇನ್ನೂ ಇದ್ದ ಹಾಗೇ ಇದೆ. ಒಂದೇ ಕಡೆ ಎರಡು ಮೂರು ಹಳೇ ನಾಣ್ಯ, ಮಡಕೆಯ ಬಾಯಿ, ಮೂಳೆ ಏನೇ ಕಂಡರೂ ಅಲ್ಲಿಗೇ ನಿಲ್ಲಿಸಿ.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು, ನಿಂಬೆ, ಬೂದಿ ಹಾಕಿ ತಿಕ್ಕಬೇಡಿ. ಮನೆಯ ತಾಮ್ರದ ತಂಬಿಗೆಗೆ ಅದು ಸರಿ. ನಾಣ್ಯದ ಅಚ್ಚು ಎಷ್ಟೋ ಸಲ ಆ ಹಸಿರು, ಕಂದು ಪದರದಲ್ಲೇ ಉಳಿದಿರುತ್ತೆ, ತಿಕ್ಕಿದರೆ ಅಕ್ಷರವೂ ಹೋಗುತ್ತೆ. ತೂಕ ಹಾಕಿಸಲು ಪತ್ತಾರರ ಅಂಗಡಿಗೆ ಒಯ್ಯುವುದೂ ಬೇಡ. ನೆಲದಲ್ಲಿ ಇದ್ದ ಹಾಗೇ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ. ಒಣ ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ಊರು, ಸರ್ವೆ ನಂಬರ್, ಆಳ, ತಾರೀಖು, ಮಣ್ಣಿನ ಬಣ್ಣ ಬರೆಯಿರಿ. ಹಸಿ ಇರುವಾಗ ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ತಾಮ್ರ ಇನ್ನಷ್ಟು ಕೊಳೆಯುತ್ತೆ.

ಕಮಲಾಪುರದ ಪುರಾತತ್ವ ಸಂಗ್ರಹಾಲಯದಲ್ಲಿ ವಿಜಯನಗರದ ನಾಣ್ಯಗಳಿವೆ. ಒಂದು ಸಲ ನೋಡಿ ಬಂದರೆ ಹೊಲದಲ್ಲಿ ಕಣ್ಣಿಗೆ ಬಿದ್ದದ್ದು ಏನು ಅಂತ ಬೇಗ ತಿಳಿಯುತ್ತೆ. ಆಮೇಲೆ ಹೊಲದವರ ಜೊತೆಗೇ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಅರ್ಜಿಯನ್ನು ಎರಡು ಪ್ರತಿ ಮಾಡಿ, ಫೋಟೊ ಲಗತ್ತಿಸಿ. ಒಂದನ್ನು ಕೊಟ್ಟು, ಇನ್ನೊಂದಕ್ಕೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.